ಎರೆಭೂಮಿಗೆ ಒಗ್ಗುವ ಬೆಳೆ, ಮರ, ಹಿತ್ತಲ ಗಿಡ

ಎರೆ ಮಣ್ಣಿನಲ್ಲಿ ಹಚ್ಚಿದ ಸಸಿ ಸತ್ತರೆ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಕಿತ್ತು ಬೇರು ನೋಡಿದರೆ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ಶ್ರಾವಣದಲ್ಲಿ ಗುಂಡಿಯೊಳಗೆ ನಿಂತ ನೀರಿಗೆ ಬೇರು ಆಗಲೇ ಕೊಳೆತಿರುತ್ತದೆ, ಮುಂದಿನ ಬೇಸಿಗೆ ಉಳಿದ ಜೀವವನ್ನು ತೆಗೆಯುತ್ತದೆ ಅಷ್ಟೆ. ಮಸಾರಿ ಊರಿನಿಂದ ಬಂದು ಹೊಲ ಕೊಂಡವರು, ಪೇಟೆಯಲ್ಲಿ ನೌಕರಿ ಮುಗಿಸಿ ಅಜ್ಜನ ಹೊಲಕ್ಕೆ ಮರಳಿದವರು, ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿ ಅಂಗಳದಲ್ಲಿ ನಾಲ್ಕು ಗಿಡ ಬೆಳೆಸಬೇಕೆನ್ನುವವರು ನರ್ಸರಿಗೆ ಹೋಗುವ ಮೊದಲು ಕಾಲ ಕೆಳಗಿನ ಮಣ್ಣನ್ನು ಒಮ್ಮೆ ಸರಿಯಾಗಿ ನೋಡಬೇಕು. ಎರೆಗೆ ಒಗ್ಗುವ ಗಿಡಗಳು ಬೇಕಾದಷ್ಟಿವೆ. ಒಗ್ಗದ್ದನ್ನು ತಂದು ಹಚ್ಚಿ, ಆಮೇಲೆ ಮಣ್ಣನ್ನು ದೂರುವುದು ಆ ಮಣ್ಣಿಗೆ ಮಾಡುವ ಅನ್ಯಾಯ.

ಈ ಮಣ್ಣಿನ ಅರ್ಧದಷ್ಟು ಭಾಗ, ಕೆಲವೆಡೆ ಅದಕ್ಕೂ ಹೆಚ್ಚು, ಬರೀ ಜೇಡಿ. ಅದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಖನಿಜದ ಕಣಗಳು ಪದರು ಪದರಾಗಿರುತ್ತವೆ. ಪದರುಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ರಾಡಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು, ಎರಡಕ್ಕೂ ಮೂಲ ಇದೇ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಎರೆ ಬಹುಮಟ್ಟಿಗೆ ದಖ್ಖನ್ನಿನ ಲಾವಾ ಕಲ್ಲು ಸವೆದು ಆದದ್ದು. ರಾಯಚೂರು, ಬಳ್ಳಾರಿ, ಗದಗದ ಕಡೆ ಬೇರೆ ಕಲ್ಲುಗಳಿಂದಲೂ ಎರೆಯಾಗಿದೆ. ಕಪ್ಪಗಿದೆ ಎಂದ ಮಾತ್ರಕ್ಕೆ ಗೊಬ್ಬರದ ಅಂಶ ಹೆಚ್ಚಿದೆ ಎಂದು ತಿಳಿಯಬಾರದು. ಸಾವಯವ ಇಂಗಾಲ, ಸಾರಜನಕ, ರಂಜಕ ಇಲ್ಲಿ ಕಡಿಮೆಯೇ. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮಾತ್ರ ಧಾರಾಳ. ಪಿಎಚ್ ಸಾಮಾನ್ಯವಾಗಿ 7.5ರಿಂದ 8.5, ಕೆಲವೆಡೆ ಇನ್ನೂ ಮೇಲೆ. ಅದಕ್ಕೇ ಕಬ್ಬಿಣ ಮತ್ತು ಸತು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ.

ಇಷ್ಟೆಲ್ಲ ತಂಟೆಯಿದ್ದರೂ ತಲೆಮಾರುಗಳಿಂದ ಜನ ಎರೆ ಹೊಲವನ್ನೇ ಆಸ್ತಿ ಎಂದು ನಂಬಿರುವುದು ಅದರ ನೀರು ಹಿಡಿಯುವ ಶಕ್ತಿಗಾಗಿ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ದಕ್ಕುವಂಥ 150ರಿಂದ 200 ಮಿಲಿಮೀಟರ್ ನೀರನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಮಳೆ ನಿಂತ ಮೇಲೆ ಮೂರು ನಾಲ್ಕು ತಿಂಗಳು ಒಂದು ಹನಿ ಬೀಳದಿದ್ದರೂ ಜೋಳ ತೆನೆ ಕಟ್ಟುವುದು ಈ ಹಸಿಯ ಬಲದಿಂದಲೇ.

ಮೊದಲು ಅಗೆದು ನೋಡಿ

ಎರೆ ಎಂದರೆ ಎಲ್ಲ ಎರೆಯೂ ಒಂದೇ ಅಲ್ಲ. ಮೇಲ್ನೋಟಕ್ಕೆ ಒಂದೇ ಕಪ್ಪು ಕಂಡರೂ ಒಂದೇ ಹೊಲದ ಈ ತುದಿಯಲ್ಲಿ ಒಂದು ಅಡಿಗೆ ಗರಸು ಸಿಕ್ಕರೆ ಆ ತುದಿಯಲ್ಲಿ ಆರು ಅಡಿ ಅಗೆದರೂ ಕರಿ ಮಣ್ಣೇ ಇರುತ್ತದೆ. ಏನು ಬೆಳೆಯುತ್ತದೆ ಎಂಬುದನ್ನು ಬಣ್ಣಕ್ಕಿಂತ ಈ ಆಳವೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಬೇಸಿಗೆಯಲ್ಲಿ ಹಾರೆ ಹಿಡಿದು ಎರಡು ಮೂರು ಕಡೆ ಮೂರು ಅಡಿ ಆಳದ ಗುಂಡಿ ತೆಗೆಸಿ. ಒಂದೂವರೆ ಅಡಿಯೊಳಗೇ ಗರಸು ಸಿಕ್ಕರೆ ಅದು ಮಡ್ಡಿಗೆ ಹತ್ತಿರದ ಭೂಮಿ, ಮುಂಗಾರಿ ಬೆಳೆಗೆ ಮತ್ತು ಕೆಲವು ಹಣ್ಣಿನ ಗಿಡಗಳಿಗೆ ಅನುಕೂಲ. ಮೂರು ಅಡಿಗೂ ಕರಿ ಮಣ್ಣೇ ಇದ್ದರೆ ಅದು ಹಿಂಗಾರಿಯ ಹೊಲ, ಅಲ್ಲಿ ತೋಟ ಮಾಡುವ ಮುನ್ನ ಹತ್ತು ಸಲ ಯೋಚಿಸಬೇಕು.

ತೆಗೆದ ಗುಂಡಿಗೆ ನೀರು ತುಂಬಿ ರಾತ್ರಿ ಬಿಡಿ. ಆ ನೀರು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಲೆಕ್ಕಕ್ಕೆ ಬರುವುದು ಈ ಎರಡನೆಯ ತುಂಬುವಿಕೆ, ಏಕೆಂದರೆ ಮೊದಲನೆಯ ನೀರನ್ನು ಬಿರುಕುಗಳು ಕುಡಿದುಬಿಡುತ್ತವೆ. ಮರುದಿನವೂ ನೀರು ಕೆರೆಯಂತೆ ನಿಂತಿದ್ದರೆ ನಿಂತ ನೀರು ತಾಳದ ಗಿಡಗಳ ಆಸೆಯನ್ನು ಅಲ್ಲಿಯೇ ಬಿಡಬೇಕು. ಗುಂಡಿಯ ಗೋಡೆಯಲ್ಲಿ ಬಿಳಿ ಹರಳುಗಳು ಕಂಡರೆ ಒಂದನ್ನು ಒಡೆದು ಅದರ ಮೇಲೆ ಲಿಂಬೆಹಣ್ಣು ಹಿಂಡಿ. ಸಣ್ಣಗೆ ಗುಳ್ಳೆ ಎದ್ದರೆ ಅದು ಸುಣ್ಣದ ಹರಳು. ಅಂಥ ಮಣ್ಣಿನಲ್ಲಿ ಲಿಂಬೆ, ದ್ರಾಕ್ಷಿ, ದಾಸವಾಳದ ಎಲೆ ಹಳದಿಯಾಗುವುದನ್ನು ಮೊದಲೇ ನಿರೀಕ್ಷಿಸಬಹುದು. ಇದರ ಜೊತೆಗೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿ, ಉಪ್ಪಿನಂಶವನ್ನೂ ಸೋಡಿಯಂ ಪ್ರಮಾಣವನ್ನೂ ಕೇಳಿ ತಿಳಿದುಕೊಳ್ಳಿ. ಬರೀ ಸಾರಜನಕ, ರಂಜಕ, ಪೊಟ್ಯಾಷ್ ನೋಡಿದರೆ ಎರೆಯ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ಹಿಂಗಾರಿ ಬೆಳೆಗಳು

ಆಳವಾದ ಎರೆಯಲ್ಲಿ ಮುಂಗಾರಿನ ಮಳೆ ಬೆಳೆಗಲ್ಲ, ಮಣ್ಣು ಕುಡಿಯುವುದಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಲವನ್ನು ಹರಗುತ್ತ, ಕಸ ಬಾರದಂತೆ ನೋಡಿಕೊಳ್ಳುತ್ತ, ಬಿದ್ದ ನೀರು ಓಡದಂತೆ ಚೌಕು ಮಡಿ ಕಟ್ಟಿಟ್ಟು, ಹಸ್ತ ಚಿತ್ತಿಯ ಹೊತ್ತಿಗೆ ಕೂರಿಗೆ ಹೂಡುವುದು ಇಲ್ಲಿನ ಹಳೆಯ ಕ್ರಮ. ಈ ಕ್ರಮದ ಬೆಲೆಯನ್ನು ಸರಕಾರವೂ ಬೇಗನೆ ಗುರುತಿಸಿತು. 1930ರ ದಶಕದಲ್ಲಿ ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಆರಿಸಿಕೊಂಡ ಐದು ಜಾಗಗಳಲ್ಲಿ ವಿಜಯಪುರ, ರಾಯಚೂರು, ಬಳ್ಳಾರಿ ಜಿಲ್ಲೆಯ ಹಗರಿ, ಈ ಮೂರೂ ಇಂದಿನ ಕರ್ನಾಟಕದವು, ಮೂರೂ ಎರೆ ಸೀಮೆಯವು. ಉಳಿದೆರಡು ಸೊಲ್ಲಾಪುರ ಮತ್ತು ರೋಹ್ಟಕ್. ಚೌಕು ಮಡಿ, ಬೀಜ ಹದಗೊಳಿಸುವುದು, ಎಡೆ ಹೊಡೆದು ಬಿರುಕು ಮುಚ್ಚುವುದು ಮುಂತಾದ ಇಂದಿನ ಶಿಫಾರಸುಗಳಿಗೆಲ್ಲ ಈ ಸೀಮೆಯ ಹೊಲಗಳೇ ಶಾಲೆ.

ಹಿಂಗಾರಿ ಜೋಳಕ್ಕೆ ಇಂದಿಗೂ ಮಾಲದಂಡಿಯೇ ಮೇಲು. ಎಂ 35-1 ಎಂದು ಬೀಜದ ಚೀಲದ ಮೇಲೆ ಬರೆದಿರುವುದು ಇದನ್ನೇ. ಹೊಸ ತಳಿಗಳು ಬಂದರೂ ರೊಟ್ಟಿಯ ರುಚಿಗೂ ಕಣಿಕೆಯ ಮೇವಿಗೂ ಜನ ಇದನ್ನು ಬಿಟ್ಟಿಲ್ಲ, ನನ್ನ ಮಟ್ಟಿಗೂ ಮೊದಲ ವರ್ಷ ಬಿತ್ತುವವರು ಇದರಿಂದಲೇ ಶುರುಮಾಡುವುದು ಒಳಿತು. ಎಕರೆಗೆ ಮೂರು ಕಿಲೋ ಬೀಜ ಸಾಕು, ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತನೆ ಮುಗಿಯಬೇಕು. ತಡವಾದಷ್ಟೂ ಸುಳಿ ನೊಣದ ಕಾಟ ಹೆಚ್ಚು, ಕೊನೆಗೆ ಹಸಿಯೂ ಸಾಲದು. ಬಿತ್ತುವ ಮೊದಲು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು ಎಂಟು ತಾಸು ನೆನೆಸಿ ನೆರಳಿನಲ್ಲಿ ಒಣಗಿಸಿದರೆ ಸಸಿಗೆ ಬರ ತಾಳುವ ಗಟ್ಟಿತನ ಬರುತ್ತದೆ. ಖರ್ಚು ಅತಿ ಕಡಿಮೆ, ಫಲ ಕಣ್ಣಿಗೆ ಕಾಣುವಂಥದ್ದು. ಬಹಳ ಜನ ಇದನ್ನು ಮಾಡದೇ ಬಿಡುತ್ತಾರಲ್ಲ ಎಂದು ನನಗೆ ಬೇಸರ.

ಬೆಳೆ ನಿಂತ ಮೇಲಿನ ಮುಖ್ಯ ಕೆಲಸ ಎಡೆಕುಂಟೆಯದು. ಕಸ ತೆಗೆಯಲು ಮಾತ್ರ ಎಡೆ ಹೊಡೆಯುವುದು ಎಂದುಕೊಂಡವರು ಕಸವಿಲ್ಲದಿದ್ದರೆ ಸುಮ್ಮನಾಗುತ್ತಾರೆ. ಎರೆಯಲ್ಲಿ ಕಸವಿಲ್ಲದಿದ್ದರೂ ಎಡೆ ಹೊಡೆಯಬೇಕು. ಕೂದಲೆಳೆಯಷ್ಟು ಬಿರುಕು ಕಾಣಿಸಿದಾಗಲೇ ಕುಂಟೆ ಹಾಯಿಸಿದರೆ ಮೇಲಿನ ಎರಡಂಗುಲ ಮಣ್ಣು ಪುಡಿಯಾಗಿ ಬಿರುಕಿನೊಳಗೆ ಇಳಿಯುತ್ತದೆ, ಒಳಗಿನ ಹಸಿ ಆವಿಯಾಗುವ ದಾರಿ ಮುಚ್ಚುತ್ತದೆ. ಬಿತ್ತಿದ ಮೂರು, ಐದು ಮತ್ತು ಎಂಟನೆಯ ವಾರದ ಹೊತ್ತಿಗೆ ಹೀಗೆ ಮೂರು ಸಲ ಮಾಡಿದ ಹೊಲವನ್ನೂ ಮಾಡದ ಹೊಲವನ್ನೂ ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಒಟ್ಟಿಗೆ ನೋಡಿ. ಒಂದರಲ್ಲಿ ತೆನೆ ತುಂಬುತ್ತಿರುತ್ತದೆ, ಇನ್ನೊಂದರಲ್ಲಿ ಬುಡದ ಎಲೆ ಆಗಲೇ ಒಣಗಿ ಬಿರುಕು ಬಾಯ್ತೆರೆದಿರುತ್ತದೆ.

ಕಡಲೆಯ ವಿಷಯದಲ್ಲಿ ಈ ಸೀಮೆಗೆ ತನ್ನದೇ ಹೆಸರಿದೆ. ಅಣ್ಣಿಗೇರಿ-1 ಎಂಬ ತಳಿ ಇದೇ ನೆಲದ ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದದ್ದು. ಈಗ ಸಿಡಿ ರೋಗ ತಾಳುವ ಜೆಜಿ-11, ಯಂತ್ರದ ಕಟಾವಿಗೆ ಅನುಕೂಲವಾಗಿ ನೆಟ್ಟಗೆ ಬೆಳೆಯುವ ಜಿಬಿಎಂ-2 ಕೂಡ ಚಾಲ್ತಿಯಲ್ಲಿವೆ. ಎಕರೆಗೆ 20ರಿಂದ 25 ಕಿಲೋ ಬೀಜ, ಟ್ರೈಕೋಡರ್ಮಾ ಮತ್ತು ರೈಜೋಬಿಯಂ ಹಚ್ಚಿ ಒಂದಡಿ ಸಾಲಿನಲ್ಲಿ ಅಕ್ಟೋಬರ್‌ನಲ್ಲಿ ಬಿತ್ತಬೇಕು. ಸುಮಾರು ಒಂದು ತಿಂಗಳಿಗೆ, ಹೂ ಬರುವ ಮೊದಲು, ಕುಡಿ ಚಿವುಟಿದರೆ ಟೊಂಗೆ ಹೆಚ್ಚಿ ಕಾಯಿ ಹೆಚ್ಚುತ್ತದೆ. ಚಿವುಟಿದ ಕುಡಿಯ ಪಲ್ಲೆ ಆ ವಾರದ ಊಟಕ್ಕಾಯಿತು. ಬೆಳಗಿನ ಹೊತ್ತು ಕಡಲೆ ಹೊಲದಲ್ಲಿ ನಡೆದರೆ ಕಾಲು ಚುರುಗುಟ್ಟುತ್ತದೆ, ಅದು ಎಲೆಯ ರೋಮಗಳಲ್ಲಿ ಜಿನುಗುವ ಹುಳಿ. ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬೆಳಿಗ್ಗೆ ಇಬ್ಬನಿಯೊಂದಿಗೆ ಹಿಂಡಿ, ಆ ಕಡಲೆ ಹುಳಿಯನ್ನು ಸೀಸೆಯಲ್ಲಿ ತುಂಬಿ ಅಜೀರ್ಣಕ್ಕೆ ಮದ್ದೆಂದು ಇಡುತ್ತಿದ್ದ ಮನೆಗಳು ಈ ಕಡೆ ಇದ್ದವು.

ಕುಸುಬೆಯನ್ನು ಈಚೆಗೆ ಜನ ಮರೆಯುತ್ತಿದ್ದಾರೆ, ಅದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಇದರ ತಾಯಿಬೇರು ಎರೆಯಲ್ಲಿ ಆರು ಅಡಿಗೂ ಕೆಳಗೆ ಇಳಿದು ಬೇರೆ ಬೆಳೆಗೆ ಎಟುಕದ ಹಸಿಯನ್ನು ಎಳೆಯುತ್ತದೆ. ಎಳೆಯ ಎಲೆ ಪಲ್ಲೆಗೆ, ಬೀಜ ಎಣ್ಣೆಗೆ, ಮುಳ್ಳು ಬೇಲಿಗೆ: ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಇದ್ದರೆ ದನ ಒಳಗೆ ಬಾಯಿ ಹಾಕುವುದಿಲ್ಲ. ಮುಳ್ಳಿನಿಂದಾಗಿ ಕೂಲಿಯವರು ಕೊಯ್ಲಿಗೆ ಬರುವುದಿಲ್ಲ ಎಂಬುದೇ ಬಹಳ ಜನ ಇದನ್ನು ಬಿಡಲು ಕಾರಣ. ಕಟಾವು ಯಂತ್ರ ಬಂದ ಮೇಲೆ ಆ ಮಾತಿಗೆ ಮೊದಲಿನ ತೂಕವಿಲ್ಲ. ನಾಲ್ಕು ಸಾಲು ಕಡಲೆಗೆ ಎರಡು ಸಾಲು ಕುಸುಬೆ ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಹೇನಿನ ಕಾಟ ತಪ್ಪಬೇಕಾದರೆ ಬಿತ್ತನೆ ತಡಮಾಡಬಾರದು.

ಇವುಗಳ ಜೊತೆಗೆ ಕಪಲಿ ಗೋದಿ, ಅಗಸೆ, ಕೊತ್ತಂಬರಿ ಕೂಡ ಬರೀ ಹಸಿಯ ಮೇಲೆ ಬರುವಂಥವು. ಕಪಲಿಯ ಸಿಪ್ಪೆ ಬಿಡಿಸುವ ಕೆಲಸ ಹೆಚ್ಚು, ಆದರೆ ಹುಗ್ಗಿಗೆ ಅದರ ಸಮ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ-1025, ಡಿಡಿಕೆ-1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದೆ.

ಮುಂಗಾರಿಯಲ್ಲಿ ಏನು ಹಾಕಬಹುದು

ಮಧ್ಯಮ ಆಳದ ಎರೆಯಲ್ಲಿ, ಅಥವಾ ಮಳೆ ಬೇಗ ಹಿಡಿದ ವರ್ಷ, ಜೂನ್‌ನಲ್ಲಿ ಹೆಸರು ಬಿತ್ತಿ ಎರಡೂವರೆ ತಿಂಗಳೊಳಗೆ ಕಿತ್ತು ಅದೇ ಹೊಲಕ್ಕೆ ಜೋಳವನ್ನೋ ಕಡಲೆಯನ್ನೋ ಹಾಕುವವರು ಧಾರವಾಡ, ಗದಗ ಜಿಲ್ಲೆಗಳಲ್ಲಿ ಬಹಳ. ಹೆಸರಿನ ಗಿಡ ಮಣ್ಣಿಗೆ ಸಾರಜನಕವನ್ನೂ ಬಿಟ್ಟುಹೋಗುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ, ಆ ಅಪಾಯ ತಿಳಿದೇ ಬಿತ್ತಬೇಕು.

ತೊಗರಿಗೆ ಕಲಬುರಗಿಯ ಎರೆಯೇ ತವರು, 2019ರಲ್ಲಿ ಅಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಬೇರು ಆಳಕ್ಕಿಳಿದ ಮೇಲೆ ಬರವನ್ನು ಲೆಕ್ಕಿಸದ ಈ ಬೆಳೆ ಮೊದಲ ಎರಡು ತಿಂಗಳು ನೀರು ನಿಂತರೆ ಮಾತ್ರ ಸೊರಗಿ ಸಾಯುತ್ತದೆ. ತಗ್ಗಿನ ಹೊಲದಲ್ಲಿ ಬೋದು ಎತ್ತಿ ಬಿತ್ತಿ, ನೆಟೆ ರೋಗ ತಾಳುವ ಟಿಎಸ್-3ಆರ್‌ನಂಥ ತಳಿ ಆರಿಸಿ.

ಹತ್ತಿಯ ಹೆಸರೇ ಈ ಮಣ್ಣಿಗೆ ಅಂಟಿಕೊಂಡಿದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು 1972ರಲ್ಲಿ ಹೊರತಂದ ವರಲಕ್ಷ್ಮಿ, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್, ಉದ್ದ ಎಳೆಯ ಹತ್ತಿಯನ್ನು ನಮ್ಮಲ್ಲೇ ಬೆಳೆಯುವ ದಾರಿ ತೆರೆಯಿತು. ಈಗ ಬಿತ್ತುವುದು ಬಹುಪಾಲು ಬಿಟಿ. ನೀರಾವರಿ ಇಲ್ಲದ, ಔಷಧಿಗೆ ಹಣ ಸುರಿಯಲಾರದ ಸಣ್ಣ ರೈತರಿಗೆ ಜಯಧರದಂಥ ದೇಸಿ ಹತ್ತಿ ಇಂದಿಗೂ ಪರಿಗಣಿಸಬೇಕಾದ ಆಯ್ಕೆ. ಇಳುವರಿ ಕಡಿಮೆ, ಎಳೆ ಗಿಡ್ಡ, ಆದರೆ ರಸ ಹೀರುವ ಕೀಟಗಳಿಗೆ ಜಗ್ಗದು, ಬಿತ್ತಿದ ಖರ್ಚು ಮುಳುಗದು. ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎರಡೂ ಎರೆಯಲ್ಲಿ ಬಣ್ಣಕ್ಕೂ ಬಾಳಿಕೆಗೂ ಹೆಸರಾದವು. ಹಾವೇರಿ, ಧಾರವಾಡ, ಗದಗದ ಕಡೆ ಎರಡನ್ನೂ ಹತ್ತಿಯ ಜೊತೆ ಒಂದೇ ಹೊಲದಲ್ಲಿ ಬೆಳೆಯುವುದುಂಟು. ಶೇಂಗಾ ಎರೆಯಲ್ಲಿ ಬಾರದೆಂದಲ್ಲ, ಬರುತ್ತದೆ, ಕೀಳುವಾಗ ಮಣ್ಣು ಬಿಗಿದುಕೊಂಡು ಅರ್ಧ ಕಾಯಿ ಒಳಗೇ ಉಳಿಯುತ್ತದೆ.

ಇಲ್ಲಿ ಉಸುಕಿನ ಮಾತು ಹೇಳದೆ ಮುಂದೆ ಹೋಗಲಾಗದು. ಗದಗ, ಕೊಪ್ಪಳದ ಕಡೆ ಕೆಲವು ರೈತರು ಹಳ್ಳದ ಉಸುಕು ತಂದು ಎರೆ ಹೊಲದ ಮೇಲೆ ಹರವುತ್ತಾರೆ. ಮಣ್ಣಿನೊಳಗೆ ಬೆರೆಸುವುದಿಲ್ಲ, ಹೊದಿಕೆಯಾಗಿ ಮೇಲಷ್ಟೇ ಬಿಡುತ್ತಾರೆ. ಉಸುಕಿನ ಹೊದಿಕೆ ಮಳೆನೀರನ್ನು ಹರಿಯಗೊಡದೆ ಕೆಳಗಿಳಿಸುತ್ತದೆ, ಬಿಸಿಲಿಗೆ ಹಸಿ ಆರದಂತೆ ತಡೆಯುತ್ತದೆ, ಬಿರುಕನ್ನೂ ಕಡಿಮೆ ಮಾಡುತ್ತದೆ. ಮಳೆ ಬಿದ್ದ ಮರುದಿನವೇ ಹೊಲಕ್ಕೆ ಇಳಿಯಬಹುದು. ಅಂಥ ಹೊಲದಲ್ಲಿ ಮುಂಗಾರಿಯ ಹೆಸರು, ಶೇಂಗಾ ಕೂಡ ಬರುತ್ತವೆ, ಹಿಂಗಾರಿಗೆ ಇನ್ನೊಂದು ಬೆಳೆಯೂ ಆಗುತ್ತದೆ. ಖರ್ಚು ದೊಡ್ಡದು, ಒಮ್ಮೆ ಮಾಡಿದರೆ ಬಹಳ ವರ್ಷ ಬಾಳುತ್ತದೆ, ಆಮೇಲೆ ಆಳವಾಗಿ ನೇಗಿಲು ಹೊಡೆದು ಕೆಡಿಸಬಾರದಷ್ಟೆ. ಹಳ್ಳದ ಉಸುಕಿಗೆ ಈಗ ಕಾನೂನಿನ ಕಟ್ಟುಪಾಡಿದೆ, ಅನುಮತಿ ಕೇಳಿಯೇ ತರಬೇಕು.

ಮರ ಹಚ್ಚುವವರಿಗೆ

ನಿಮ್ಮ ಹೊಲದ ಒಡ್ಡಿನ ಮೇಲೆ ತಾನಾಗಿ ಹುಟ್ಟಿ ಬೆಳೆದಿರುವ ಮರಗಳನ್ನು ನೋಡಿ. ಕರಿಜಾಲಿ, ಬೇವು, ಬಾರಿ, ಬನ್ನಿ, ಹುಣಸೆ, ಹೊಂಗೆ, ಬಿಲ್ವಪತ್ರೆ: ಎರೆಯ ಉಬ್ಬು ಕುಗ್ಗುಗಳನ್ನು ಸಹಿಸಿ ನಿಂತವರ ಪಟ್ಟಿ ಅಲ್ಲಿಯೇ ಇದೆ. ಜಾಲಿಯನ್ನು ಮುಳ್ಳಿನ ಮರವೆಂದು ಕಡಿಸುವ ಮುನ್ನ ಯೋಚಿಸಿ. ನೇಗಿಲು, ಬಂಡಿಗೆ ಗಟ್ಟಿ ಕಟ್ಟಿಗೆ, ಕುರಿ ಆಡುಗಳಿಗೆ ಕಾಯಿ, ಒಡ್ಡಿಗೆ ಭದ್ರತೆ ಕೊಡುವ ಈ ಮರ ಮಳೆಗಾಲದ ನಿಂತ ನೀರನ್ನೂ ತಾಳುತ್ತದೆ. ನೇರಳೆಯೂ ನೀರು ನಿಲ್ಲುವ ತಗ್ಗಿಗೆ ಒಳ್ಳೆಯದು.

ಹಣ್ಣಿನ ಗಿಡಗಳಲ್ಲಿ ಎರೆಗೆ ಬಾರಿಯಷ್ಟು ಒಗ್ಗುವಂಥದ್ದು ಮತ್ತೊಂದಿಲ್ಲ. ನರ್ಸರಿಯ ಕಸಿ ಸಸಿ ತರುವುದಕ್ಕಿಂತ ಒಳ್ಳೆಯ ದಾರಿಯೊಂದಿದೆ: ಕಾಡು ಬಾರಿಯ ಬೀಜವನ್ನು ಬೆಳೆಯಬೇಕಾದ ಜಾಗದಲ್ಲೇ ಊರಿ, ಗಿಡ ಪೆನ್ಸಿಲ್ ದಪ್ಪವಾದ ಮೇಲೆ ಉಮ್ರಾನ್‌ನಂಥ ಒಳ್ಳೆಯ ತಳಿಯ ಕಣ್ಣು ಕಸಿ ಮಾಡುವುದು. ಚೀಲದಲ್ಲಿ ಸುತ್ತಿಕೊಂಡ ತಾಯಿಬೇರಿಗೂ ಮೊದಲ ದಿನದಿಂದ ನೇರ ಇಳಿದ ತಾಯಿಬೇರಿಗೂ ಎರೆಯ ಬೇಸಿಗೆಯಲ್ಲಿ ಬಹಳ ವ್ಯತ್ಯಾಸ. ಪೇರಲ, ಚಿಕ್ಕು, ಲಿಂಬೆ ಮಧ್ಯಮ ಆಳದ ಎರೆಯಲ್ಲಿ, ಕೆಳಗೆ ಗರಸು ಇದ್ದು ನೀರು ಬಸಿಯುವಲ್ಲಿ ಚೆನ್ನಾಗಿ ಬರುತ್ತವೆ. ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ನುಗ್ಗೆಯನ್ನು ಏರುಮಡಿ ಮಾಡಿ ಹಚ್ಚಿದರೆ ಎರೆಯಲ್ಲೂ ಕೈತುಂಬ ಕಾಯಿ ಕೊಡುತ್ತದೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ ಇದಕ್ಕೆ ಒಳ್ಳೆಯ ಆಯ್ಕೆ.

ದಾಳಿಂಬೆಗೆ ಹಗುರ ಮಣ್ಣು ಬೇಕು. ಆಳ ಎರೆಯಲ್ಲಿ ಅದು ಬುಡ ಕೊಳೆತು ಸೊರಗುತ್ತದೆ. ಪಪ್ಪಾಯಿ ಎರಡು ದಿನ ನೀರು ನಿಂತರೆ ಮಗುಚುತ್ತದೆ. ಸಾಗುವಾನಿ, ಶ್ರೀಗಂಧ ಹಚ್ಚಿದರೆ ಹದಿನೈದು ವರ್ಷಕ್ಕೆ ಕೋಟಿ ಎಂದು ಸಸಿ ಮಾರಲು ಬರುವವರ ಮಾತಿಗೆ ಮರುಳಾಗಿ ಆಳವಾದ ಎರೆ ಹೊಲವನ್ನು ಒಪ್ಪಿಸಬೇಡಿ. ಎರಡೂ ನೀರು ಬಸಿಯುವ ನೆಲ ಕೇಳುವ ಮರಗಳು. ಹಲಸು, ಗೋಡಂಬಿ, ಅಡಿಕೆಯ ಆಸೆ ಬೇಡವೇ ಬೇಡ.

ಗುಂಡಿ ತೆಗೆಯುವುದರಲ್ಲೂ ಎರೆಗೆ ಬೇರೆಯೇ ಕ್ರಮ ಬೇಕು. ಎರೆ ಗಟ್ಟಿ, ಸಸಿಗೆ ಹಗುರ ಮಣ್ಣು ಬೇಕು ಎಂದುಕೊಂಡು ಗುಂಡಿಗೆ ಬರೀ ಕೆಂಪು ಮಣ್ಣು, ಉಸುಕು ತುಂಬುವವರು ಬಹಳ. ಸುತ್ತಲಿನ ಜೇಡಿ ಮಳೆಯಲ್ಲಿ ಉಬ್ಬಿ ನೀರು ಬಿಡದಂತೆ ಬಿಗಿಯುತ್ತದೆ, ಗುಂಡಿ ನೀರು ತುಂಬಿದ ಬಾನಿಯಾಗುತ್ತದೆ, ಸಸಿ ಅದರೊಳಗೆ ಮುಳುಗುತ್ತದೆ. ಬೇಸಿಗೆಯಲ್ಲಿ ಎರಡಡಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ತೆಗೆದ ಅದೇ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ನೆಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ದಿಬ್ಬವಾಗುವಂತೆ ತುಂಬಿ. ಮಳೆ ಬಿದ್ದು ಮಣ್ಣು ಕುಸಿದ ಮೇಲೆಯೂ ದಿಬ್ಬ ಉಳಿದಿರಬೇಕು. ಸಸಿಯನ್ನು ದಿಬ್ಬದ ನೆತ್ತಿಯ ಮೇಲೆ, ಮಳೆಯ ಜೋರು ಕಡಿಮೆಯಾದ ಮೇಲೆ ಹಚ್ಚುವುದು ಉತ್ತಮ. ಆಗ ಮೊದಲ ಚಳಿಗಾಲ ಪೂರ್ತಿ ಒಳಗಿನ ಹಸಿಯೇ ಅದನ್ನು ಸಾಕುತ್ತದೆ.

ಬೇಸಿಗೆಯ ಬಿರುಕು ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಜನವರಿಯಿಂದಲೇ ಬುಡದ ಸುತ್ತ ಮೂರು ನಾಲ್ಕಡಿ ಅಗಲಕ್ಕೆ ಜೋಳದ ದಂಟು, ತೊಗರಿ ಹೊಟ್ಟು, ಒಣ ಎಲೆಗಳ ಹೊದಿಕೆ ಹಾಕಿ, ಅರ್ಧ ಅಡಿ ದಪ್ಪ ಇರಲಿ, ಕಾಂಡಕ್ಕೆ ತಾಗದಿರಲಿ. ದಿನಾ ಒಂದು ಕೊಡ ಸುರಿಯುವುದಕ್ಕಿಂತ ಎಂಟು ಹತ್ತು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಉಣಿಸುವುದು ಮೇಲು. ದಿನಾ ಸುರಿದ ನೀರು ಬೇರನ್ನು ಮೇಲೆಯೇ ಹಿಡಿದಿಡುತ್ತದೆ, ಮೇಲಿನ ಮಣ್ಣೇ ಮೊದಲು ಸೀಳುವುದು.

ಅಂಗಳ ಮತ್ತು ಹಿತ್ತಲು

ಮನೆಯ ಹಿತ್ತಲಿಗೆ ನಿಯಮ ಒಂದೇ: ಏರುಮಡಿ. ನೆಲಕ್ಕಿಂತ ಎಂಟು ಹತ್ತು ಅಂಗುಲ ಎತ್ತರಿಸಿ, ಎರೆ ಮಣ್ಣಿಗೆ ಮೂರರಲ್ಲಿ ಒಂದು ಭಾಗ ಎರೆಹುಳು ಗೊಬ್ಬರ ಅಥವಾ ಕಳಿತ ಎಲೆಗೊಬ್ಬರ ಕೂಡಿಸಿದರೆ ಬದನೆ, ಬೆಂಡೆ, ಚವಳಿಕಾಯಿ, ಹೀರೆ, ಮೆಣಸಿನಕಾಯಿ, ಪುಂಡಿ, ರಾಜಗಿರಿ, ಮೆಂತೆ ಎಲ್ಲವೂ ಬರುತ್ತವೆ. ಗಜ್ಜರಿ, ಮೂಲಂಗಿ ಮಾತ್ರ ಗಟ್ಟಿ ಮಣ್ಣಿನಲ್ಲಿ ಕವಲೊಡೆದು ಸೊಟ್ಟಗಾಗುತ್ತವೆ. ಒದ್ದೆ ಇದ್ದಾಗ ಮಡಿಯನ್ನು ತುಳಿಯಬೇಡಿ, ಅಗೆಯಬೇಡಿ. ಎರೆಯ ಹದ ಬಹಳ ಕಡಿಮೆ ಹೊತ್ತಿನದು. ಮುಷ್ಟಿಯಲ್ಲಿ ಹಿಡಿದ ಮಣ್ಣು ಅಂಟದೆ ಪುಡಿಯಾದರೆ ಅದೇ ಹದ.

ಹೂಗಳಲ್ಲಿ ಸೇವಂತಿಗೆ, ಚೆಂಡುಹೂ, ಗಲಾಟೆ, ಕಣಗಿಲೆ ನಿಶ್ಚಿಂತೆಯಿಂದ ಹಚ್ಚಬಹುದು. ದಾಸವಾಳ, ಗುಲಾಬಿ, ಲಿಂಬೆಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಲಿಂಬೆ ಉಪ್ಪು ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಮಣ್ಣಿಗೆ ಹಾಕಿದ ಫೆರಸ್ ಸಲ್ಫೇಟನ್ನು ಅಲ್ಲಿನ ಸುಣ್ಣ ಬೇಗನೆ ಕಟ್ಟಿಹಾಕುತ್ತದೆ, ಅದಕ್ಕೇ ಎಲೆಗೆ ಸಿಂಪಡಿಸುವುದು.

ಮನೆಯ ಗೋಡೆಗೆ ಹತ್ತಿರ ದೊಡ್ಡ ಮರ ಬೇಡ. ಮರ ಒಂದು ಬದಿಯ ಹಸಿಯನ್ನು ಎಳೆದಾಗ ಆ ಬದಿಯ ಎರೆ ಕುಗ್ಗುತ್ತದೆ, ಇನ್ನೊಂದು ಬದಿ ಹಾಗೇ ಇರುತ್ತದೆ, ಗೋಡೆಯಲ್ಲಿ ಓರೆಯಾಗಿ ಸೀಳು ಬೀಳುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೆಯೋ ಅಷ್ಟು ದೂರ ಬಿಡುವುದು ಕ್ಷೇಮ. ಅಷ್ಟು ಜಾಗವಿಲ್ಲದ ಸಣ್ಣ ಸೈಟಿನಲ್ಲಿ ಕರಿಬೇವು, ಲಿಂಬೆ, ಪೇರಲದಂಥ ಸಣ್ಣ ಗಿಡಗಳಿಗೇ ತೃಪ್ತಿಪಡಬೇಕು. ಗೋಡೆಯ ಬುಡದಲ್ಲೇ ಹೂವಿನ ಮಡಿ ಮಾಡಿ ದಿನಾ ನೀರು ಬಿಡುವುದೂ ತಳಪಾಯಕ್ಕೆ ಒಳ್ಳೆಯದಲ್ಲ.

ನೀರು ಬಂದ ಹೊಲಗಳಲ್ಲಿ

ತುಂಗಭದ್ರಾ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಎಷ್ಟೋ ಒಳ್ಳೆಯ ಎರೆ ಹೊಲಗಳು ಸವಳಾದದ್ದನ್ನು ನೋಡಿದರೆ ಕರುಳು ಹಿಂಡುತ್ತದೆ. ನೀರು ಬಸಿಯದ ಮಣ್ಣಿಗೆ ವರ್ಷಗಟ್ಟಲೆ ಮಿತಿಮೀರಿ ನೀರುಣಿಸಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಸಾಲುಗಳ ನೆತ್ತಿಯ ಮೇಲೆ ಬಿಳಿ ಪುಡಿ ಕಾಣಿಸಿದರೆ ಅದು ಮೊದಲ ಎಚ್ಚರಿಕೆ. ಕಡಲೆ, ಹೆಸರು, ಉಳ್ಳಾಗಡ್ಡಿ ಉಪ್ಪು ತಾಳವು. ಹತ್ತಿ, ಕುಸುಬೆ, ಜೋಳ ಒಂದು ಮಟ್ಟಕ್ಕೆ ತಾಳುತ್ತವೆ. ಬದಿಗೆ ಹೊಂಗೆ, ಜಾಲಿ, ಬಾರಿ ಹಚ್ಚಬಹುದು. ದ್ರಾಕ್ಷಿ ಹಾಕುವವರು ಉಪ್ಪು ತಾಳುವ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ ಸಸಿಯನ್ನೇ ಆರಿಸಬೇಕು.

ಅಂಗಡಿಯವರು ಹೇಳಿದರೆಂದು ಜಿಪ್ಸಂ ಸುರಿಯಬೇಡಿ. ಸೋಡಿಯಂ ಹೆಚ್ಚಾಗಿ ಪಿಎಚ್ ಏರಿದ ಕರಲು ಭೂಮಿಗೆ ಮಾತ್ರ ಅದು ಮದ್ದು, ಬರೀ ಉಪ್ಪಿನ ಸವಳಿಗೆ ಬೇಕಾದದ್ದು ಬಸಿಗಾಲುವೆ ಮತ್ತು ಸಿಹಿನೀರು. ಯಾವುದೆಂದು ಪರೀಕ್ಷೆಯ ವರದಿ ಹೇಳುತ್ತದೆ, ಎಕರೆಗೆ ಎಷ್ಟು ಜಿಪ್ಸಂ ಎಂಬ ಲೆಕ್ಕವೂ ಅದರಿಂದಲೇ ಬರಬೇಕು. ಜಿಪ್ಸಂ ಹಾಕುವುದಾದರೆ ಮೊದಲು ಬಸಿಗಾಲುವೆ ತೆಗೆಸಿ, ಮುಂಗಾರಿಗೆ ಮುನ್ನ ಮಣ್ಣಿನಲ್ಲಿ ಬೆರೆಸಿ, ಮೇಲೆ ಡಯಂಚ ಬಿತ್ತಿ ಹೂ ಬರುವ ಹೊತ್ತಿಗೆ ಮುಗ್ಗು ಹೊಡೆಯಿರಿ. ಆ ಹಂಗಾಮು ಬೇರೆ ಬೆಳೆ ತೆಗೆಯುವ ಆಸೆ ಇಟ್ಟುಕೊಳ್ಳಬೇಡಿ. ಹಿಂಗಾರಿಗೆ ಕುಸುಬೆಯಿಂದ ಶುರುಮಾಡಿ, ಮರುವರ್ಷ ಇನ್ನೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿದ ಮೇಲೆಯೇ ಕಡಲೆಗೆ ಕೈಹಾಕಿ.